ಅಕ್ಕ ಕಟ್ಟಿದ ಗಂಟೆ

ದೇವರು ಎಲ್ಲವನ್ನೂ ಸೃಷ್ಟಿಸಿದ ಎಂಬುದನ್ನೂ ಜೀವಿಗಳು ಒಂದರಿಂದೊಂದು ಬದಲಾಗುತ್ತ ಬಂದವು ಎಂಬುದನ್ನೂ ಒಟ್ಟಿಗೆ ನಂಬಲು ಬರುತ್ತದೆಯೇ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ನಾನು ಜೀವಶಾಸ್ತ್ರ ಕಲಿಸುತ್ತಿದ್ದಷ್ಟು ಕಾಲ ವರ್ಷಕ್ಕೊಬ್ಬ ವಿದ್ಯಾರ್ಥಿಯಾದರೂ ಎದ್ದು ನಿಂತು ಇದನ್ನು ಕೇಳುತ್ತಿದ್ದ. ಬರುತ್ತದೆ ಎಂದೇ ಹೇಳುತ್ತಿದ್ದೆ. ಹೇಳುವಾಗಲೆಲ್ಲ ಬಬಲೇಶ್ವರದ ಒಂದು ಅಡಿಗೆಮನೆ ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿ ನನ್ನ ಅಕ್ಕ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ, ಒಂದು ಪ್ರಶ್ನೆ ಕೇಳುತ್ತಾಳೆ. ಅವಳ ಪ್ರಶ್ನೆ ನೆನಪಿದೆ. ನಾನು ಕೊಟ್ಟ ಉತ್ತರ ನೆನಪಿಲ್ಲ. ಬರೆಯುತ್ತ ಹೋದರೆ ಸಿಕ್ಕೀತೇನೋ ಎಂದು ಕೂತಿದ್ದೇನೆ. ಸಿಗುತ್ತದೆ ಎಂಬ ಭರವಸೆ ನನಗಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿ ತಿಕೋಟಾದ ಹೈಸ್ಕೂಲಿಗೆ ಮಾಸ್ತರನಾಗಿ ಬಂದೆ. ನನಗಾಗ ಇಪ್ಪತ್ನಾಲ್ಕು. ಟ್ರಂಕಿನಲ್ಲಿ ಎರಡು ಪ್ಯಾಂಟು, ನಾಲ್ಕು ಪುಸ್ತಕ, ಹತ್ತಿಯಲ್ಲಿ ಸುತ್ತಿದ ಒಂದು ಕಪ್ಪೆಯ ಅಸ್ಥಿಪಂಜರ ಇದ್ದವು. ಬಾಡಿಗೆ ಮನೆಯ ಮುದುಕಿ ಕಪ್ಪೆಯನ್ನು ಕಂಡು, "ಇದು ಇದ್ರ ನೀ ಇಲ್ಲ, ನೀ ಇದ್ರ ಇದು ಇಲ್ಲ ನೋಡಪಾ," ಎಂದದ್ದರಿಂದ ಅದನ್ನು ಶಾಲೆಯ ಕಪಾಟಿನಲ್ಲಿಟ್ಟೆ.

ಮೊದಲ ವರ್ಷವೇ ವಿಕಾಸವಾದದ ಪಾಠ ಮಾಡಿದೆ. ಪಠ್ಯದಲ್ಲಿ ಅದಕ್ಕೆ ಎರಡು ಪುಟವಿತ್ತು. ನಾನು ಎರಡು ವಾರ ತೆಗೆದುಕೊಂಡೆ. ಊರಿಗೆ ಸುದ್ದಿ ಹೋಗಲು ಅಷ್ಟು ಸಾಕಾಯಿತು. ಚಹದಂಗಡಿಯಲ್ಲಿ ಒಬ್ಬ ರೈತ ಬಟ್ಟಲು ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ, "ಏನ್ರೀ ಮಾಸ್ತರ, ನಿಮ್ಮ ಮುತ್ತ್ಯಾ ಮಂಗ್ಯಾ ಇದ್ದನಂತ, ಖರೇ ಏನು?" ಎಂದ.

"ನಿಮ್ಮ ಮುತ್ತ್ಯಾನೂ ಅವನ ರೀ," ಎಂದೆ.

"ಇಲ್ಲ ಬಿಡ್ರಿ. ನಮ್ಮ ಮುತ್ತ್ಯಾನ ಹೊಲಕ್ಕ ಮಂಗ್ಯಾಗೋಳು ಬರ್ತಿದ್ದುವು, ಅಂವ ಕವಣಿ ಬೀಸಿ ಓಡಿಸ್ತಿದ್ದ. ಬೀಗರಾಗಿದ್ರ ಕೂಡಿಸಿ ಊಟಕ್ಕ ಹಾಕ್ತಿದ್ದ."

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು. ಮರುದಿನ ಹೆಡ್‌ಮಾಸ್ತರರ ಬಳಿ ಹೋಗಿ, ಪಾಠ ನಿಲ್ಲಿಸಬೇಕೇ ಎಂದು ಕೇಳಿದೆ. ಅವರು ಹಣೆ ತುಂಬ ವಿಭೂತಿ ಹಚ್ಚುತ್ತಿದ್ದ ಹಿರಿಯರು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಅಡಿಕೆ ಕತ್ತರಿಸುತ್ತ ಹೇಳಿದರು:

"ಯಾಕ ನಿಲ್ಲಸ್ತೀರಿ? ಹೇಳ್ರಿ. ಕುಂಬಾರ ಕೂತು ಒಂದೊಂದ ಮಡಕಿ ಮಾಡ್ತಾನ. ದೇವರು ಕುಂಬಾರಗಿಂತ ಶಾಣ್ಯಾ ಇರಬೇಕಲ್ಲ? ಅಂವ ಮಡಕಿ ಮಾಡಲಿಲ್ರಿ. ತಿಗರಿ ಮಾಡಿ, ತಿರುವಿ, ಬಿಟ್ಟುಬಿಟ್ಟ. ಮಡಕಿ ತಾವ ಏಳಾಕತ್ತಾವ. ಈಗ ನಿಮ್ಮ ಪುಸ್ತಕ ಸುಳ್ಳಲ್ಲ, ನನ್ನ ಹಣಿ ಮ್ಯಾಲಿನ ವಿಭೂತಿನೂ ಸುಳ್ಳಲ್ಲ. ಆತಿಲ್ಲೋ?"

ಧಾರವಾಡದ ನಾಲ್ಕು ವರ್ಷಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಹೇಳಿರಲಿಲ್ಲ. ನಾನು ದೇವರನ್ನು ನಂಬುತ್ತಿರಲಿಲ್ಲ. ಆದರೂ ಆ ತಿಗರಿ, ಆ ಕುಂಬಾರನ ಚಕ್ರ, ನನಗೆ ಹಿಡಿಸಿತು. ಮುಂದೆ ಯಾರು ಕೇಳಿದರೂ ಅದನ್ನೇ ತಿರುಗಿಸಿ ತೋರಿಸುತ್ತಿದ್ದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಈಗಿನ ವಿಜಯಪುರಕ್ಕೆ, ನಮ್ಮ ಬಾಯಿಯ ವಿಜಾಪುರಕ್ಕೆ, ಬಂದು ಅಲ್ಲಿಂದ ಬೇರೆ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗುತ್ತಿದ್ದೆ. ಅಲ್ಲಿ ಅಕ್ಕನ ಮನೆ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಾನು ನಾಲ್ಕು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಮರುವರ್ಷ ಅಕ್ಕನನ್ನು ಅವ್ವನ ಸ್ವಂತ ತಮ್ಮನಿಗೆ ಕೊಟ್ಟರು. ಸೋದರಮಾವನಿಗೆ ಕೊಟ್ಟ ಹುಡುಗಿ ತವರಿನಲ್ಲೇ ಇದ್ದಂತೆ ಎಂಬುದು ನಮ್ಮ ಕಡೆಯ ಲೆಕ್ಕ. ಅಕ್ಕ ಗಂಡನ ಮನೆಗೆ ಹೋಗುವಾಗ ನನ್ನನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಹೋದಳು. ನಾನು ಬೆಳೆದದ್ದು ಅಲ್ಲಿ. ಮಾಮಾ ನನಗೆ ಮಾವನೂ ಹೌದು, ಅಕ್ಕನ ಗಂಡನೂ ಹೌದು. ಹೊಲದ ಮನುಷ್ಯ, ನಗೆಚಾಟಿಕೆಯವನು.

ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹದಿನೆಂಟು ತುಂಬಿತ್ತು. ನಾನು ಮನೆಯೊಳಗೆ ಕಾಲಿಟ್ಟರೆ ಅವಳು ಹಿತ್ತಲಿಗೆ ಹೋಗುತ್ತಿದ್ದಳು. ಕಾರಣ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಅವಳನ್ನು ನನಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. "ಅಳಿಯಾ, ನೀ ಹೂಂ ಅಂದ್ರ ಬಾಸಿಂಗ ತರ್ತೀನಿ, ಊಂಹೂಂ ಅಂದ್ರ ಬಡಿಗಿ ತರ್ತೀನಿ," ಎಂದು ನಾನು ಹೋದಾಗಲೆಲ್ಲ ಮಾಮಾ ಅನ್ನುತ್ತಿದ್ದ. ನಾನು ಒಂದು ವರ್ಷ ಎರಡನ್ನೂ ಅನ್ನಲಿಲ್ಲ.

ಸಣ್ಣವಳಿಗೆ ಹತ್ತು ವರ್ಷ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಇರಲಿಲ್ಲ. ಅದು ತಿಳಿದ ವರ್ಷ ಅಕ್ಕ ಹಣಮಪ್ಪನ ಗುಡಿಯಲ್ಲಿ ಹರಕೆ ಹೊತ್ತು ಒಂದು ಹಿತ್ತಾಳೆ ಗಂಟೆ ಕಟ್ಟಿಸಿದ್ದಳು. ಪ್ರತಿ ಅಮವಾಸ್ಯೆ ಮಗಳಿಗೆ ತಲೆ ಎರೆದು, ಕೂದಲು ಬಾಚಿ ಎರಡು ಹೆಣಲು ಹೆಣೆದು, ಗುಡಿಗೆ ಕರೆದೊಯ್ದು ಅವಳ ಕೈಯಿಂದಲೇ ಆ ಗಂಟೆ ಬಾರಿಸುತ್ತಿದ್ದಳು. ಹುಡುಗಿ ಒಂದು ಸಲ ಬಾರಿಸಿ, ಕೂಡಲೇ ಕಟ್ಟೆ ಹತ್ತಿ, ಗಂಟೆಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದಳು. ಹಿತ್ತಾಳೆಯ ನಡುಕ ನಿಲ್ಲುವವರೆಗೆ ನಗುತ್ತಿದ್ದಳು. ತಿಂಗಳಿಗೊಮ್ಮೆ ಅವಳಿಗೆ ಸಿಗುತ್ತಿದ್ದ ಧ್ವನಿ ಅದು.

ಅಕ್ಕ ಇದನ್ನು ದುಃಖವೆಂದು ನೋಡುತ್ತಿರಲಿಲ್ಲ ಎಂದು ಹೇಳಿದರೆ ತಪ್ಪಾಗಬಹುದು. ಆದರೆ ಅವಳಲ್ಲಿ ಒಂದು ನೆಮ್ಮದಿ ಇತ್ತು. "ಅಂವ ಒಬ್ಬೊಬ್ಬರ್ನ ಕೂತು ಕೈಲೆ ಮಾಡ್ಯಾನ ತಮ್ಮಾ," ಅನ್ನುತ್ತಿದ್ದಳು. "ಇಕೀನ ಮಾಡೂ ಹೊತ್ತಿನ್ಯಾಗ ಏನೋ ಮನಸ್ಸಿಗೆ ಬಂದು ಕಿವಿ ಮುಚ್ಚ್ಯಾನ. ಮುಚ್ಚಿದಾಂವಗ ತೆರಿಯಾಕ ಬರೂದಿಲ್ಲೇನು?" ನಾನು ವಾದಿಸಲಿಲ್ಲ. ಕಲಿತವನ ದೊಡ್ಡತನದಿಂದ ಸುಮ್ಮನಿದ್ದೆನೋ, ಅವಳ ಮೇಲಿನ ಪ್ರೀತಿಯಿಂದಲೋ, ಈಗ ಹೇಳಲಾರೆ.

ವಿಜಾಪುರಕ್ಕೆ ಕಿವಿಯ ಡಾಕ್ಟರೊಬ್ಬರು ಬಂದಿದ್ದಾರೆಂದು ನಾನೇ ಸುದ್ದಿ ತಂದೆ. ಮಾಮಾನಿಗೆ ಮನಸ್ಸಿರಲಿಲ್ಲ. "ಡಾಕ್ಟರ್ ಯಾಕಲೇ? ಗೋಳಗುಮ್ಮಟಕ್ಕ ಕರಕೊಂಡು ಹೋಗಿ ಕೂಗ್ರಿ. ಅಲ್ಲಿ ಕಲ್ಲಿಗೂ ಕೇಳತೈತಿ," ಎಂದು ನಕ್ಕ. ಆದರೂ ಕಳಿಸಿದ. ಅಕ್ಕ, ಹುಡುಗಿ, ನಾನು ಮೂವರೂ ಹೋದೆವು.

ಡಾಕ್ಟರು ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ತಾಟು ಬಡಿದರು. ಕೊನೆಗೆ ಕವೆಯಂಥ ಉಕ್ಕಿನ ಸಾಧನವೊಂದನ್ನು ಮೇಜಿಗೆ ಬಡಿದು ಹುಡುಗಿಯ ಕಿವಿಯ ಹಿಂದಿನ ಎಲುಬಿಗೆ ಹಚ್ಚಿದರು. ಹುಡುಗಿ ನಕ್ಕಳು, ಗುಡಿಯಲ್ಲಿ ನಗುತ್ತಿದ್ದಂತೆಯೇ. ಅಕ್ಕ ಎದ್ದು ನಿಂತುಬಿಟ್ಟಳು. "ಕೇಳತೈತ್ರೀ! ಸಾಹೇಬ್ರ, ಕೇಳತೈತಿ ಅಕೀಗೆ!"

"ನಡಕ ತಿಳೀತೈತ್ರಿ ತಾಯಿ. ಧ್ವನಿ ಅಲ್ಲ," ಎಂದರು ಡಾಕ್ಟರು.

ಆಮೇಲೆ ಕಾಗದ ಎಳೆದುಕೊಂಡು ಮೂರು ಪ್ರಶ್ನೆ ಕೇಳಿದರು. ಕಿವಿ ಸೋರುತ್ತಿತ್ತೇ? ಇಲ್ಲ. ಕೂಸಿದ್ದಾಗ ಜೋರು ಜ್ವರ ಬಂದಿತ್ತೇ? "ಜ್ವರಾ ಎಲ್ಲಾ ಕೂಸುಗೋಳಿಗೂ ಬರ್ತಾವಲ್ರಿ," ಎಂದಳು ಅಕ್ಕ. ಸಂಬಂಧದಲ್ಲಿ ಲಗ್ನವಾಗಿದ್ದೇ? "ಹೌದ್ರಿ, ಸ್ವಂತ ಸೋದರಮಾವ," ಎಂದಳು, ನಮ್ಮ ಕಡೆಯ ಹೆಣ್ಣುಮಕ್ಕಳು ಅದನ್ನು ಹೇಳುವ ಹೆಮ್ಮೆಯಿಂದಲೇ. ಡಾಕ್ಟರು ಏನೋ ಬರೆದುಕೊಂಡರು. ಔಷಧ ಇಲ್ಲ ಎಂದರು.

ಬಬಲೇಶ್ವರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆವು. ಗಿಡ ಬೇವಿನದೇ ಎಂದು ಆಣೆ ಮಾಡಲಾರೆ; ಶೇಂಗಾ ಮಾತ್ರ ಖಾತ್ರಿ.

"ತಮ್ಮಾ, ಲಗ್ನದ ಮಾತು ಯಾಕ ಕೇಳಿದ್ರು ಅವರು?" ಎಂದಳು ಅಕ್ಕ.

ಸುಮ್ಮನೆ ಕೇಳಿರುತ್ತಾರೆ ಬೇ, ಎಂದಿದ್ದರೆ ಮುಗಿಯುತ್ತಿತ್ತು. ಎಷ್ಟು ವರ್ಷ ಆ ಮೂರು ಶಬ್ದಗಳನ್ನು ಬಾಯಲ್ಲಿ ಆಡಿಸಿದ್ದೇನೋ ಲೆಕ್ಕವಿಲ್ಲ. ಆದರೆ ನನಗಾಗ ಸಂತೋಷವಾಗಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಒಂದು ವರ್ಷದಿಂದ ಹೇಳಲಾಗದೆ ಉಳಿದಿದ್ದ ಊಂಹೂಂ ಎಂಬ ಮಾತಿಗೆ ಡಾಕ್ಟರೇ ದಾರಿ ಮಾಡಿಕೊಟ್ಟಿದ್ದರು. ಪೇಪರಿನ ಪೊಟ್ಟಣ ಬಿಚ್ಚಿ ಹಾಸಿ, ಅದರ ಮೇಲೆ ಶೇಂಗಾ ಕಾಳುಗಳನ್ನು ಜೋಡಿ ಜೋಡಿಯಾಗಿಟ್ಟು ಪಾಠ ಶುರುಮಾಡಿದೆ. ಪ್ರತಿ ಗುಣಕ್ಕೂ ಅಪ್ಪನಿಂದ ಒಂದು ಕಾಳು, ಅವ್ವನಿಂದ ಒಂದು. ಒಂದು ಜೊಳ್ಳಿದ್ದರೂ ಇನ್ನೊಂದು ಗಟ್ಟಿ ಇದ್ದರೆ ನಡೆಯುತ್ತದೆ. ಜೊಳ್ಳು ಮನೆತನದಲ್ಲಿ ಅಡಗಿ ಕೂತಿರುತ್ತದೆ. ಹೊರಗಿನವರನ್ನು ಲಗ್ನವಾದರೆ ಅಡಗಿಯೇ ಇರುತ್ತದೆ. ಒಂದೇ ಮನೆತನದ ಇಬ್ಬರು ಕೂಡಿದರೆ ಎರಡು ಜೊಳ್ಳು ಒಂದೇ ಕೂಸಿನಲ್ಲಿ ಬಂದು ಸೇರಬಹುದು.

"ಅದಕ್ಕ ನಾ ದೊಡ್ಡಾಕೀನ ಮಾಡ್ಕೊಳ್ಳಾಂಗಿಲ್ಲ ಅಕ್ಕಾ," ಎಂದೆ. "ನಮ್ಮ ಮಕ್ಕಳೂ ಹಿಂಗಾಗಬಾರದು."

ಆಗ ಸಣ್ಣವಳು ಕೈ ಚಾಚಿ, ನಾನು ಪೇಪರಿನ ಮೇಲಿಟ್ಟಿದ್ದ ಎರಡು ಜೊಳ್ಳು ಕಾಳುಗಳನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಕಹಿಯಾಗಿ, ಮುಖ ಕಿವುಚಿದಳು. ಅಕ್ಕ ತನ್ನ ಸೆರಗಿನಿಂದ ಅವಳ ಬಾಯಿ ಒರೆಸಿದಳು. ಬಹಳ ಹೊತ್ತು ಒರೆಸಿದಳು.

ಬಸ್ಸು ದಾರಿಯ ಸಾರವಾಡ ದಾಟಿದ ಮೇಲೆ ಅಕ್ಕ ಬಾಯಿಬಿಟ್ಟಳು.

"ಮಮದಾಪುರದ ಕುರಿಗಾರರು ನಮ್ಮ ಹೊಲದಾಗ ರಾತ್ರಿ ಕುರಿ ತರುಬಿ ನಿಲ್ಲಸ್ತಾರಲ್ಲ, ನೋಡಿಯಲ್ಲ?"

"ನೋಡೇನಿ."

"ಎರಡು ವರ್ಷಕ್ಕೊಮ್ಮೆ ಟಗರು ಬದಲಿ ಮಾಡ್ತಾರ ಅವರು. ಬ್ಯಾರೆ ಊರಾಗಿಂದ ತರ್ತಾರ. ಮರಿ ಸೊರಗ್ತಾವು ಅಂತ." ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಕುರಿಗೋಳಿಗೆ ಇದ್ದ ಕಾಳಜಿ ನನಗ್ಯಾರೂ ಮಾಡಲಿಲ್ಲ ನೋಡು."

ಅವಳು ಈ ಮಾತನ್ನು ಆ ಬಸ್ಸಿನಲ್ಲೇ ಆಡಿದಳೋ, ಮನೆಗೆ ಬಂದ ಮೇಲೆ ಆಡಿದಳೋ, ಸಂಶಯವಿದೆ. ಆಡಿದ್ದು ನಿಜ. ಇಂಥ ಮಾತನ್ನು ನಾನು ಕಟ್ಟಲಾರೆ.

ಮಾಮಾ ನನ್ನೊಡನೆ ಆರು ತಿಂಗಳು ಮಾತು ಬಿಟ್ಟ. ದೊಡ್ಡವಳನ್ನು ಅರಕೇರಿಯ ಒಬ್ಬ ಹೊರಗಿನ ವರನಿಗೆ ಕೊಟ್ಟರು. ಲಗ್ನದಲ್ಲಿ ನಾನು ನೀರು ನೀಡಿದೆ. ಹಿತ್ತಲಿಗೆ ಓಡುತ್ತಿದ್ದ ಹುಡುಗಿ ಅಂದು ನನ್ನನ್ನು ನೇರವಾಗಿ ನೋಡಿದಳು. ನಾನು ಅವಳನ್ನು ಬೇಡವೆಂದದ್ದು ಹುಟ್ಟದ ಮಕ್ಕಳ ಹಿತಕ್ಕೋ, ಅವಳು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳೆಂಬ ನಾಚಿಕೆಗೋ? ಆಗ ಮೊದಲನೆಯದೇ ಎಂದು ಗಟ್ಟಿಯಾಗಿ ನಂಬಿದ್ದೆ. ಈಗ ಆ ಗಟ್ಟಿತನವೇ ಸಂಶಯ ಹುಟ್ಟಿಸುತ್ತದೆ.

ಒಂದು ಅಮವಾಸ್ಯೆ ರವಿವಾರ ಬಂದಿತ್ತು. ನಾನು ಬಬಲೇಶ್ವರದಲ್ಲಿದ್ದೆ. ಮುಂಜಾನೆ ಎದ್ದು ನೋಡಿದರೆ ಸಣ್ಣವಳು ಬಾಗಿಲ ಹೊಸ್ತಿಲ ಮೇಲೆ ಕೂತಿದ್ದಳು. ತಾನೇ ತಲೆಗೆ ನೀರು ಹಾಕಿಕೊಂಡು, ತಾನೇ ಹೆಣಲು ಹಾಕಿಕೊಂಡಿದ್ದಳು. ಒಂದು ಮೇಲೆ, ಒಂದು ಕೆಳಗೆ. ಅಕ್ಕ ಅವಳನ್ನು ದಾಟಿ ಸಗಣಿಯ ಬುಟ್ಟಿ ಹೊತ್ತು ಹಿತ್ತಲಿಗೆ ಹೋದಳು. ಹುಡುಗಿ ಅವಳ ಸೀರೆ ಹಿಡಿದು, ಎರಡೂ ಕೈಯನ್ನು ಬೋರಲು ಬಟ್ಟಲಂತೆ ಕೂಡಿಸಿ ಅಲುಗಿಸಿ ತೋರಿಸಿದಳು. ಅಕ್ಕ ಸೀರೆ ಬಿಡಿಸಿಕೊಂಡಳು.

"ಏಳು ಅಮವಾಸ್ಯೆ ಆದುವು, ಗುಡೀಗೆ ಹೋಗಿಲ್ಲ ನಿಮ್ಮಕ್ಕ," ಎಂದ ಮಾಮಾ. ಅಂದಿಗೆ ಮಾತು ಮತ್ತೆ ಶುರುವಾಗಿತ್ತು, ನಗೆಚಾಟಿಕೆ ಇರಲಿಲ್ಲ. "ಏನ್ ಹೇಳಿದ್ಯಪಾ ಅಕೀಗೆ? ನನ್ನ ಕಡೆ ನೋಡೂದ ಬಿಟ್ಟಾಳ. ನಾ ಏನೋ ಕಳವು ಮಾಡಿದಾಂವ ಇದ್ದಂಗ."

ನಾನು ಹಿತ್ತಲಿಗೆ ಹೋಗಿ ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತೆ. ಅವಳು ಸಗಣಿಯ ಕುಳ್ಳು ತಟ್ಟುತ್ತಿದ್ದಳು. ನನ್ನ ಬಳಿ ಒಂದೇ ಆಯುಧವಿತ್ತು. ಹೆಡ್‌ಮಾಸ್ತರರ ತಿಗರಿಯನ್ನು ತೆಗೆದೆ. ನಾನು ಹೇಳಿದ್ದೂ ಖರೆ, ನಿನ್ನ ದೇವರೂ ಖರೆ ಎಂದೆ. ದೇವರು ಒಂದೊಂದನ್ನೇ ಕೈಯಿಂದ ಮಾಡಲಿಲ್ಲ, ಎಲ್ಲವೂ ಆಗುವಂಥ ತಿಗರಿಯನ್ನು ಮಾಡಿ ತಿರುಗಿಸಿದ. ನಾವೆಲ್ಲ ಅದರ ಮೇಲೆ ಎದ್ದವರು. ಎರಡನ್ನೂ ನಂಬಲು ಬರುತ್ತದೆ. ನಾನೇ ನಂಬದ್ದನ್ನು ಎಷ್ಟು ಚೆಂದ ಹೇಳಿದೆನೆಂದರೆ ನನ್ನ ಕಣ್ಣಲ್ಲೇ ನೀರು ಬಂದಿತ್ತು.

ಅಕ್ಕ ಪೂರಾ ಕೇಳಿಸಿಕೊಂಡಳು.

"ತಿರುವಿ ಬಿಟ್ಟ ಮ್ಯಾಲ ಅಂವ ಅಲ್ಲೇ ಕೂತು ನೋಡ್ತಿದ್ನೋ, ಎದ್ದು ಹೋಗಿದ್ನೋ?"

ಅವಳು ಇನ್ನೊಂದು ಉಂಡೆ ಸಗಣಿ ಕೈಗೆತ್ತಿಕೊಂಡಳು.

"ನನ್ನ ಮಗಳ್ನ ಅಂವ ಮಾಡೇ ಇಲ್ಲ ಅಂದಂಗಾತಲ್ಲ. ತಿಗರಿ ಮಾಡಿತು." ಕುಳ್ಳನ್ನು ಗೋಡೆಗೆ ಬಡಿದಳು. "ಸಿಟ್ಟಿಗೆ ಬಂದು ಕಿವಿ ಮುಚ್ಚಿದ್ರ ಕಾಲು ಹಿಡಕೊಂಡು ಅಳಬಹುದು ಯಪ್ಪಾ. ಹಿಡಕೊಂಡು ಹತ್ತು ವರ್ಷ ಅತ್ತೇನಿ. ಕಡೆಗಣ್ಣೀಲೆನೂ ನೋಡದಾವ್ನ ಕಾಲು ಹೆಂಗ ಹಿಡೀಲಿ? ಇದ್ದಾನ ಅಂತೀ. ಇಟಗೊಂಡು ಏನ್ ಮಾಡ್ಲಿ ಅವನ್ನ?"

ಪುಸ್ತಕಗಳಲ್ಲಿ ಸೃಷ್ಟಿಗೂ ವಿಕಾಸಕ್ಕೂ ರಾಜಿಯಾಗುವ ಜಾಗ ಇದು ಎಂದು ನನಗೆ ಗೊತ್ತಿತ್ತು. ಸಗಣಿಯ ಕೈಯ ಆ ಹೆಂಗಸಿಗೆ ನನ್ನ ರಾಜಿ ನನ್ನ ನಾಸ್ತಿಕತನಕ್ಕಿಂತ ಕ್ರೂರವಾಗಿತ್ತು. ದೇವರಿಲ್ಲ ಎಂದಿದ್ದರೆ ಅವಳು ನನ್ನನ್ನು ಬೈದು ಗುಡಿಗೆ ಹೋಗುತ್ತಿದ್ದಳು. ನಾನು ದೇವರನ್ನು ಉಳಿಸಿ, ಅವನ ಕೈಗಳನ್ನು ಕತ್ತರಿಸಿ ಕೊಟ್ಟಿದ್ದೆ.

ಹೊಸ್ತಿಲ ಮೇಲೆ ಹುಡುಗಿ ಇನ್ನೂ ಕೂತಿದ್ದಳು. ಅವಳ ಹೆಣಲು ಬಿಚ್ಚಿ ನನಗೆ ಬಂದಂತೆ ಹಾಕಿ, ಕೈ ಹಿಡಿದು ಗುಡಿಗೆ ಕರೆದೊಯ್ದೆ. ಹೊರಗೆ ನಿಂತು ಅವಳನ್ನು ನೋಡಿದ್ದು ಬಿಟ್ಟರೆ, ಗುಡಿಯೊಳಗೆ ಕಾಲಿಡದೆ ಎಂಟು ವರ್ಷವಾಗಿತ್ತು. ಪೂಜಾರಿ ನನ್ನನ್ನು ನೋಡಿ, "ಏನ್ ಮಾಸ್ತರ, ಇವತ್ತು ಸೂರ್ಯಾ ಯಾವ ಕಡೆ ಹುಟ್ಯಾನ?" ಎಂದ. ಹುಡುಗಿ ಓಡಿ ಹೋಗಿ ಗಂಟೆ ಬಾರಿಸಿ ಕೆನ್ನೆ ಹಚ್ಚಿದಳು. ನಡುಕ ನಿಂತ ಮೇಲೆ ನನ್ನ ಕೈ ಎಳೆದು ಹಗ್ಗಕ್ಕೆ ಹಚ್ಚಿದಳು. ನಾನೂ ಬಾರಿಸಿದೆ. ಅವಳು ನನ್ನ ಕೆನ್ನೆಯನ್ನು ಹಿಡಿದು ಗಂಟೆಗೆ ಒತ್ತಿದಳು. ಹಿತ್ತಾಳೆ ತಣ್ಣಗಿತ್ತು. ಹಲ್ಲಿನ ಬುಡದವರೆಗೆ ನಡುಕ ಬಂತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನನಗೂ ಕೇಳಿಸಿತೇ ಎಂಬಂತೆ.

ಮನೆಗೆ ಬಂದಾಗ ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಪೂಜಾರಿ ಹಣೆಗೆ ಹಚ್ಚಿದ್ದ ಬೂದಿಯ ಅಂಗಾರ ತೋರಿಸಿದಳು. ಅಕ್ಕ ನನ್ನ ಹಣೆಯ ಮೇಲೂ ಅದನ್ನು ಕಂಡು, ಮತ್ತೆ ಹಂಚಿನ ಕಡೆ ತಿರುಗಿದಳು.

"ನಂಬಿ ಬಾರಿಸಿದ್ಯೇನು?"

ಇದೇ ಆ ಪ್ರಶ್ನೆ. ಹೌದು ಎಂದೆನೋ, ಇಲ್ಲವೆಂದೆನೋ. ಹೌದು ಎಂದಿದ್ದರೆ ಅವಳಿಗೆ ಸುಳ್ಳು ತಿಳಿಯುತ್ತಿತ್ತು. ನನ್ನನ್ನು ಸಾಕಿದವಳು ಅವಳು. ಇಲ್ಲ ಎಂದಿದ್ದರೆ ಹುಡುಗಿಯ ಅಮವಾಸ್ಯೆ ಅಂದಿಗೇ ಮುಗಿಯುತ್ತಿತ್ತು. ಅಂದೇ ಅಲ್ಲದಿದ್ದರೂ ಮುಗಿದದ್ದಂತೂ ನಿಜ. ನಾನು ಮುಂದೆ ಎರಡು ಸಲ ಅಮವಾಸ್ಯೆಗೆ ಹೋಗಿ ಅವಳನ್ನು ಗುಡಿಗೆ ಕರೆದೊಯ್ದೆ. ಆಮೇಲೆ ವಿಜಾಪುರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಲಗ್ನವಾಯಿತು, ಹೋಗುವುದು ಕಡಿಮೆಯಾಯಿತು. ಹುಡುಗಿ ಕೆಲವು ವರ್ಷ ತಾನೇ ಹೆಣಲು ಹಾಕಿಕೊಂಡು ಕೂಡುತ್ತಿದ್ದಳಂತೆ. ಆಮೇಲೆ ಅದನ್ನೂ ಬಿಟ್ಟಳು.

ಅರವತ್ತರ ದಶಕ ಮುಗಿಯಲು ಬಂದಿತ್ತು. ನನ್ನ ಮಗನಿಗೆ ಐದಾರು ತಿಂಗಳು. ತೊಟ್ಟಿಲ ಹಿಂದಿನಿಂದ ಬಂದು ಸಿಳ್ಳೆ ಹಾಕಿದೆ. ಅವನು ತಟ್ಟನೆ ತಿರುಗಿದ. ಆ ತಿರುಗುವಿಕೆಯಲ್ಲಿ ನನಗೆ ಇನ್ನೊಂದು ಕೂಸು ಕಂಡಿತು. ಬಬಲೇಶ್ವರದ ಪಡಸಾಲೆ, ಜಂತಿಗೆ ಕಟ್ಟಿದ ತೊಟ್ಟಿಲು, ಶಾಲೆಯಿಂದ ಬಂದ ನಾನು ಹಿಂದಿನಿಂದ ಸಿಳ್ಳೆ ಹಾಕುತ್ತೇನೆ, ಕೂಸು ನನ್ನ ಕಡೆ ತಲೆ ಹೊರಳಿಸಿ ನಗುತ್ತದೆ. ನನ್ನ ಚಡ್ಡಿ ಖಾಕಿಯದು, ಅಂದರೆ ನಾನು ಹೈಸ್ಕೂಲಿನಲ್ಲಿದ್ದೆ. ಹಾಗಿದ್ದರೆ ಆ ಕೂಸು ಸಣ್ಣವಳೇ. ಅವಳಿಗೆ ಕೇಳುತ್ತಿತ್ತು. ಆಮೇಲೆ ಬಂದ ಯಾವುದೋ ಜ್ವರ ಕಿವಿ ಒಯ್ದಿತ್ತು. ನನ್ನ ಶೇಂಗಾ ಕಾಳು, ಜೊಳ್ಳು, ಮನೆತನ, ಟಗರು, ಎಲ್ಲವೂ ಸುಳ್ಳು.

ಅಥವಾ ಚಡ್ಡಿ ಖಾಕಿಯದಲ್ಲ, ಆ ಕೂಸು ದೊಡ್ಡವಳು. ಅಥವಾ ಕೂಸು ತಿರುಗಿದ್ದು ಸಿಳ್ಳೆಗಲ್ಲ, ಗೋಡೆಯ ಮೇಲೆ ಬಿದ್ದ ನನ್ನ ನೆರಳಿಗೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಇಂಥ ಸಾಕ್ಷ್ಯ ತಂದರೆ ನಾನು ಹೊರಗೆ ಕಳಿಸುತ್ತಿದ್ದೆ.

ಆದರೂ ಮುಂದಿನ ರವಿವಾರ ಬಬಲೇಶ್ವರಕ್ಕೆ ಹೋದೆ. ಮಾಮಾ ಹೊಲದಲ್ಲಿದ್ದ. ಸಣ್ಣವಳು ಈಗ ದೊಡ್ಡ ಹೆಂಗಸು. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಸಿಳ್ಳೆಯ ಸಂಗತಿ ಹೇಳಿದೆ. ಜ್ವರದ ಸಂಗತಿ ಹೇಳಿದೆ. ನನ್ನ ಮಾತು ತಪ್ಪಿರಬಹುದು, ನಿನ್ನ ಲಗ್ನದಿಂದ ಆದದ್ದಲ್ಲದಿರಬಹುದು ಎಂದೆ. ಜ್ವರ ಬಂದದ್ದು ನೆನಪಿದೆಯೇ ಎಂದು ಕೇಳಿದೆ.

"ಬಂದಿತ್ತು," ಎಂದಳು. "ಯಾವ ಕೂಸಿಗೆ ಬಂದಿಲ್ಲ?"

"ಅದ ಕಾರಣ ಇರಬಹುದು ಬೇ ಅಕ್ಕಾ."

"ಖಾತ್ರಿ ಐತೇನು?"

"ಖಾತ್ರಿ ಇಲ್ಲ."

"ಆವಾಗ ಗಿಡದ ಕೆಳಗ ಹೇಳಿದ್ಯಲ್ಲ, ಆವಾಗ ಖಾತ್ರಿ ಇತ್ತೇನು?"

ಇತ್ತು ಎಂದುಕೊಂಡಿದ್ದೆ, ಎಂದೆ.

ಅವಳು ಮಗಳು ಹಸನು ಮಾಡಿದ ಜೋಳವನ್ನು ಮೊರಕ್ಕೆ ಎಳೆದುಕೊಂಡಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಜ್ವರಾ ಆದ್ರ, ಆ ಜ್ವರಾ ಯಾರು ಕೊಟ್ರು ಅಂತ ಕೇಳಾಕ ಮತ್ತ ಅವನ ಕಡೆನ ಹೋಗಬೇಕು ತಮ್ಮಾ. ಅಲ್ಲೀತನಾ ನಡಿಯಾಕ ನನಗೀಗ ಆಗೂದಿಲ್ಲ," ಎಂದಳು. "ಕಾಲು ತೊಳಕೋ ಹೋಗು. ರೊಟ್ಟಿ ಬಡೀತೀನಿ."

ಅವಳು ಎದ್ದು ಒಳಗೆ ಒಲೆಯ ಮುಂದೆ ಕೂತಳು; ನಾನು ಕಾಲು ತೊಳೆಯಲು ಅಂಗಳಕ್ಕಿಳಿದೆ. ಸಣ್ಣವಳ ಬೆನ್ನು ನನ್ನ ಕಡೆಗಿತ್ತು. ನಿಂತು ಒಮ್ಮೆ ಸಿಳ್ಳೆ ಹಾಕಿದೆ. ಯಾಕೆ ಹಾಕಿದೆನೋ ಗೊತ್ತಿಲ್ಲ. ಅವಳು ಜೋಳದೊಳಗಿನ ಕಲ್ಲು ಆರಿಸಿ ಆರಿಸಿ ಎಸೆಯುತ್ತಲೇ ಇದ್ದಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.